ಕಳೆದುಹೋದ ಬಾಂಬು ಮತ್ತು ದಾಸ್ತಾನು ಪುಸ್ತಕ

ಅಣ್ವಸ್ತ್ರವೊಂದು ಭಯೋತ್ಪಾದಕರ ಕೈಸೇರಿದರೆ ಏನಾದೀತು? ಈ ಪ್ರಶ್ನೆಯನ್ನೆತ್ತಿಕೊಂಡು ಬರೆದ ಗೂಢಚಾರ ಕಾದಂಬರಿಗಳಲ್ಲಿ ಟಾಮ್ ಕ್ಲಾನ್ಸಿಯ 'ದಿ ಸಮ್ ಆಫ್ ಆಲ್ ಫಿಯರ್ಸ್' ಹೆಸರಾದುದು. 1991ರಲ್ಲಿ ಪ್ರಕಟವಾದ ಈ ಕೃತಿ 2002ರಲ್ಲಿ ಚಲನಚಿತ್ರವೂ ಆಯಿತು. ಕೆಂಗೇರಿ ಉಪನಗರದಲ್ಲಿ ನಿವೃತ್ತರಾದ ನಾವು ಕೆಲವರು ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿ ಚರ್ಚಿಸುವ ಪರಿಪಾಠವಿಟ್ಟುಕೊಂಡಿದ್ದೇವೆ. ಈಚೆಗೆ ಆ ಸರದಿಯಲ್ಲಿ ಈ ದಪ್ಪ ಕಾದಂಬರಿ ಬಂದಿತು.

ಅಭಿಪ್ರಾಯಗಳು ಮೂರು ದಿಕ್ಕಿಗೆ ಹರಿದವು. ಎಂಜಿನಿಯರಾಗಿದ್ದವರಿಗೆ ತಾಂತ್ರಿಕ ವಿವರಗಳೇ ರುಚಿಸಿದವು. ಬ್ಯಾಂಕಿನಲ್ಲಿದ್ದವರಿಗೆ ಮೊದಲ ನೂರಾರು ಪುಟಗಳು ಕಬ್ಬಿಣದ ಕಡಲೆಯಾದವು. ಅಧ್ಯಾಪಕಿಯಾಗಿದ್ದವರೊಬ್ಬರು ಸೂಕ್ಷ್ಮವಾದ ಆಕ್ಷೇಪವೆತ್ತಿದರು: ಕಾದಂಬರಿಯಲ್ಲಿ ಅರಬ್ ಉಗ್ರರಿದ್ದ ಸ್ಥಾನದಲ್ಲಿ ಚಲನಚಿತ್ರವು ನವನಾಜಿಗಳನ್ನು ತಂದು ಕೂರಿಸಿತು; ಖಳನಾಯಕನ ಕುಲಗೋತ್ರವನ್ನು ವೇಷದಂತೆ ಬದಲಾಯಿಸಬಹುದಾದರೆ ಭಯ ಯಾರದು, ಯಾರ ಮೇಲೆ? ಉಳಿದವರು 'ಇದು ನಮ್ಮಲ್ಲೂ ನಡೆಯಬಹುದೇ' ಎಂಬ ವಾದಕ್ಕಿಳಿದರು.

ಈ ಎಲ್ಲ ಅಭಿಪ್ರಾಯಗಳಿಗೂ ಬೆಲೆಯಿದೆ. ಆದರೆ ಕಥೆಯ ಎರಡು ಆಧಾರಸ್ತಂಭಗಳ ಬಗ್ಗೆ ಯಾರೂ ಮಾತನಾಡಲಿಲ್ಲ. ಮೊದಲನೆಯದು, ಕಾದಂಬರಿಯ ಬಾಂಬು ಕಾವಲನ್ನು ಭೇದಿಸಿ ಕದ್ದದ್ದಲ್ಲ. 1973ರ ಯುದ್ಧದ ಗಡಿಬಿಡಿಯಲ್ಲಿ, ಇಳಿಸಬೇಕಾಗಿದ್ದರೂ ಇಸ್ರೇಲಿನ ವಿಮಾನವೊಂದರಲ್ಲೇ ಉಳಿದು, ವಿಮಾನ ಉರುಳಿದಾಗ ರೈತನೊಬ್ಬನ ನೆಲದಲ್ಲಿ ಹೂತುಹೋದದ್ದು. ಎರಡನೆಯದು, ಕೊನೆಗೆ ಮಹಾಯುದ್ಧವನ್ನು ತಪ್ಪಿಸುವುದು ಬಂದೂಕಲ್ಲ. ಅಧ್ಯಕ್ಷರ ಕ್ಷಿಪಣಿ ಪ್ರಯೋಗದ ಆಜ್ಞೆಗೆ ಎರಡನೆಯ ವ್ಯಕ್ತಿಯ ದೃಢೀಕರಣ ಬೇಕೆಂಬ ನಿಯಮವಿದೆ. ಜ್ಯಾಕ್ ರಯಾನ್ ಎಂಬ ಅಧಿಕಾರಿ ದೃಢೀಕರಿಸಲು ಒಪ್ಪುವುದಿಲ್ಲ. ಅನಾಹುತ ಹುಟ್ಟುವುದು ಲೆಕ್ಕ ತಪ್ಪಿದ ಒಂದು ವಸ್ತುವಿನಿಂದ. ಅದು ನಿಲ್ಲುವುದು ರುಜು ಹಾಕದ ಒಬ್ಬ ನೌಕರನಿಂದ. ದಾಸ್ತಾನು ಪುಸ್ತಕ, ತಪಾಸಣಾ ವರದಿಗಳ ನಡುವೆ ಮೂರು ದಶಕ ಕಳೆದ ನನಗೆ ಈ ಕಾದಂಬರಿಯ ನಿಜವಾದ ವಸ್ತು ಆಡಳಿತವೇ ಎನ್ನಿಸಿತು.

ಇದು ಕಲ್ಪನೆಯ ಮಾತಾಯಿತು. ನಮ್ಮ ನಾಡಿನ ವಾಸ್ತವವೇನು? 2009ರ ನವೆಂಬರಿನಲ್ಲಿ ಉತ್ತರ ಕನ್ನಡದ ಕೈಗಾ ಅಣುಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಷಿಯಂಯುಕ್ತ ಭಾರಜಲ ಬೆರೆತು, ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿತು. ವಾಡಿಕೆಯ ಮೂತ್ರಪರೀಕ್ಷೆಯಿಂದ ಇದು ಬಯಲಾಯಿತು. ಒಳಗಿನವರದೇ ಕುಕೃತ್ಯವೆಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಅವರೇ ಶಂಕೆ ವ್ಯಕ್ತಪಡಿಸಿದರು. ಬೇಲಿ, ಕಾವಲು, ಗುರುತುಚೀಟಿಗಳೆಲ್ಲ ಹೊರಗಿನವರನ್ನು ತಡೆಯಲು ರೂಪಿಸಿದವು. ಒಳಗಿರುವವನ ದ್ವೇಷವನ್ನು ತಡೆಯಬೇಕಾದುದು ಯಾವ ವಸ್ತು ಯಾರ ವಶದಲ್ಲಿದೆ, ಯಾವಾಗ ಎಷ್ಟು ಹೊರಬಂತು ಎಂಬ ಲೆಕ್ಕ. ಆಗ ನೌಕರರನ್ನು ಕಾಪಾಡಿದ್ದೂ ಯಾವ ಗೂಢಚಾರನೂ ಅಲ್ಲ, ತಪ್ಪದೆ ನಡೆಯುತ್ತಿದ್ದ ಒಂದು ನೀರಸ ಪರೀಕ್ಷೆ.

ಮರುವರ್ಷದ ದೆಹಲಿಯ ಮಾಯಾಪುರಿ ಪ್ರಕರಣದಲ್ಲಿ ದ್ವೇಷವೂ ಇರಲಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಸುಮಾರು 25 ವರ್ಷ ಬಳಕೆಯಾಗದೆ ಬಿದ್ದಿದ್ದ ಪ್ರಯೋಗಾಲಯದ ಯಂತ್ರವೊಂದು 2010ರಲ್ಲಿ ಹರಾಜಾಗಿ ಗುಜರಿ ಸೇರಿತು. ಅದರೊಳಗೆ ಕೋಬಾಲ್ಟ್-60 ಇತ್ತು. ಒಬ್ಬರು ಅಸುನೀಗಿದರು, ಹಲವರು ಆಸ್ಪತ್ರೆ ಸೇರಿದರು. ಬ್ರೆಜಿಲ್‌ನ ಗೊಯಾನಿಯಾ ನಗರದಲ್ಲಿ 1987ರಲ್ಲೇ ಇಂಥದು ನಡೆದಿತ್ತು. ತೊರೆದುಹೋದ ಚಿಕಿತ್ಸಾಲಯದ ಯಂತ್ರದಲ್ಲಿದ್ದ ಸೀಸಿಯಂ-137 ನಾಲ್ವರನ್ನು ಬಲಿತೆಗೆದುಕೊಂಡಿತು. ಈ ವಸ್ತುಗಳಿಂದ ಅಣುಬಾಂಬು ತಯಾರಾಗದು, ನಿಜ. ಆದರೆ ಸಾಮಾನ್ಯ ಸ್ಫೋಟಕದೊಡನೆ ಅವನ್ನು ಊರ ನಡುವೆ ಚೆದುರಿಸಿ ಭೀತಿ ಹುಟ್ಟಿಸಬಹುದೆಂಬುದೇ ಇಂದು ತಜ್ಞರನ್ನು ಕಾಡುವ ಚಿಂತೆ. ಗುಜರಿಯವನಿಗೆ ತಿಳಿಯದೆ ಸಿಕ್ಕಿದ್ದು ದುಷ್ಟನಿಗೆ ತಿಳಿದೇ ಸಿಗಲಾರದೆ?

ನಮ್ಮ ಉಪನಗರದಿಂದ ಮೈಸೂರು ರಸ್ತೆಯಲ್ಲಿ ತುಸು ದೂರದ ನಾಯಂಡಹಳ್ಳಿಯಲ್ಲಿ ಗುಜರಿ ಗೋದಾಮುಗಳಿವೆ. ಬೆಂಗಳೂರಿನಲ್ಲಿ ಕ್ಯಾನ್ಸರ್ ಆಸ್ಪತ್ರೆಗಳಿವೆ, ಸಂಶೋಧನಾಲಯಗಳಿವೆ. ವಿಕಿರಣಶೀಲ ಆಕರಗಳಿಲ್ಲದೆ ಆಧುನಿಕ ಚಿಕಿತ್ಸೆ, ಕೈಗಾರಿಕೆ ನಡೆಯದು. ಅವನ್ನು ನಿಷೇಧಿಸಬೇಕೆಂಬ ವಾದ ನನ್ನದಲ್ಲ. ಲೆಕ್ಕವಿಡಬೇಕೆಂಬುದಷ್ಟೇ ನನ್ನ ಆಗ್ರಹ. ಈ ವಿಷಯದಲ್ಲಿ ಮಹಾಲೇಖಪಾಲರ 2012ರ ವರದಿಯನ್ನು ಮರೆಯುವಂತಿಲ್ಲ. ವಿಲೇವಾರಿಗೆಂದು ಸಾಗಿಸಲು ಅನುಮತಿ ಪಡೆದ ಆಕರಗಳು ನಿಜಕ್ಕೂ ವಿಲೇವಾರಿಯಾದವೇ ಎಂದು ತಾಳೆ ನೋಡುವ ಸಮರ್ಪಕ ವ್ಯವಸ್ಥೆ ಅಣುಶಕ್ತಿ ನಿಯಂತ್ರಣ ಮಂಡಳಿಯಲ್ಲಿಲ್ಲ ಎಂದು ಅದು ಹೇಳಿತ್ತು. ದೇಶದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ 52,173 ಘಟಕಗಳು ಪರವಾನಗಿಯಿಲ್ಲದೆ ನಡೆಯುತ್ತಿದ್ದವೆಂದೂ ತಿಳಿಸಿತ್ತು. ಎಕ್ಸ್‌ರೇ ಯಂತ್ರದಲ್ಲಿ ಕದಿಯಬಲ್ಲ ವಿಕಿರಣವಸ್ತುವಿಲ್ಲ. ಆದರೂ ನಿಯಂತ್ರಣದ ಅಂದಿನ ಸ್ಥಿತಿಗೆ ಆ ಅಂಕಿ ಕನ್ನಡಿ.

ಅನಂತರ ಪರವಾನಗಿಯ ವ್ಯವಹಾರವನ್ನು ಮಂಡಳಿ ಗಣಕೀಕರಿಸಿತು. 1983ರಲ್ಲಿ ಸರ್ಕಾರಿ ಆದೇಶದ ಮೂಲಕ ಹುಟ್ಟಿದ ಅದಕ್ಕೆ 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 'ಶಾಂತಿ' ಕಾಯ್ದೆಯು ಶಾಸನಬದ್ಧ ಸ್ಥಾನ ನೀಡಿದೆ. ಸ್ವಾಗತಾರ್ಹ. ಆದರೆ ಅದೇ ಕಾಯ್ದೆ ಅಣುವಿದ್ಯುತ್ತಿನ ಬಾಗಿಲನ್ನು ಖಾಸಗಿ ಕಂಪನಿಗಳಿಗೂ ತೆರೆದಿದೆ. ಬೀಗದ ಕೈಗಳು ಹೆಚ್ಚಿದಷ್ಟೂ ಲೆಕ್ಕ ಬಿಗಿಯಾಗಬೇಕಲ್ಲವೆ? ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಸುರಕ್ಷತೆಯ ವೆಚ್ಚ ಇಂದೇ ಕಣ್ಣಿಗೆ ಕಾಣುತ್ತದೆ. ಅದರ ಲಾಭ ಏನೂ ನಡೆಯದಿರುವುದರಲ್ಲಿ ಅಡಗಿದೆ. ಹಾಗಾಗಿಯೇ ಮೊದಲ ಕತ್ತರಿ ಬೀಳುವುದು ಅದಕ್ಕೆ.

ಆದ್ದರಿಂದ ಮಂಡಳಿಯು ಪ್ರತಿವರ್ಷ ಎಷ್ಟು ಆಕರಗಳು ಬಳಕೆ ಮುಗಿಸಿದವು, ಎಷ್ಟು ಹಿಂದಿರುಗಿದವು, ಎಷ್ಟರ ಲೆಕ್ಕ ಸಿಗಲಿಲ್ಲ ಎಂಬುದನ್ನು ಸಂಸತ್ತಿನ ಮುಂದಿಡಲಿ. ಇರುವ ಸ್ಥಳ ಗುಟ್ಟಾಗಿಯೇ ಉಳಿಯಲಿ. ಪ್ರಯೋಗಾಲಯ, ಆಸ್ಪತ್ರೆಗಳ ಹಳೆಯ ಸಾಮಗ್ರಿ ವಿಕಿರಣ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಹರಾಜಾಗದಿರಲಿ. ಅನುಮಾನ ಬಂದಾಗ ರುಜು ನಿರಾಕರಿಸುವ ಕಿರಿಯ ನೌಕರನಿಗೆ ವರ್ಗಾವಣೆಯ ಬದಲು ರಕ್ಷಣೆ ದೊರೆಯಲಿ.

ರೋಚಕ ಕಾದಂಬರಿಯನ್ನು ರೋಚಕತೆಗಾಗಿ ಓದುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಜ್ಯಾಕ್ ರಯಾನ್ ನಮ್ಮೂರಿಗೆ ಬರುವವನಲ್ಲ. ನಮ್ಮಲ್ಲಿರುವುದು ಉಗ್ರಾಣದ ಗುಮಾಸ್ತ, ಪರೀಕ್ಷೆಯ ತಂತ್ರಜ್ಞ, ಲೆಕ್ಕಪರಿಶೋಧಕ. ಅವರು ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ ವರ್ಷದ ಬಗ್ಗೆ ಯಾರೂ ಕಾದಂಬರಿ ಬರೆಯುವುದಿಲ್ಲ. ಅಂಥ ವರ್ಷಗಳು ನಮ್ಮ ಪಾಲಿಗೆ ಹೆಚ್ಚಲಿ.