ಬಾಟಲಿ ಹಚ್ಚಿದರೆ ಊಟವಾಯಿತೇ?

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸೀಮೆಯಲ್ಲಿ ಜ್ವರ ಬಂದು ಮೈ ಸೋತವರು ದವಾಖಾನೆಗೆ ಹೋದರೆ ಮೊದಲು ಬರುವ ಮಾತು 'ಒಂದು ಸಲಾಯಿನ್ ಹಚ್ಚ್ರಿ' ಎಂಬುದು. ಸಲಾಯಿನ್, ಗ್ಲುಕೋಸ್, ಬಾಟಲಿ ಈ ಮೂರೂ ಜನರ ಬಾಯಲ್ಲಿ ಒಂದೇ; ಮೂರರ ಅರ್ಥವೂ 'ಶಕ್ತಿ'. ಬಾಟಲಿ ತೂಗುತ್ತಿದ್ದರೆ ರೋಗಿಯ ಹೊಟ್ಟೆಯ ಚಿಂತೆ ಮುಗಿಯಿತೆಂದು ಮನೆಯವರು ನಿರಾಳರಾಗುತ್ತಾರೆ. ಆಸ್ಪತ್ರೆಗಳೂ ಎಷ್ಟೋ ಸಲ ಅದೇ ನಿರಾಳದಲ್ಲಿರುತ್ತವೆ. ಯಾವ ಔಷಧ, ಎಷ್ಟು ಡೋಸ್, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಕೇಸ್ ಶೀಟಿನಲ್ಲಿ ತಪ್ಪದೆ ಬರೆಯುತ್ತಾರೆ. ರೋಗಿ ಎಷ್ಟು ದಿನದಿಂದ ಉಂಡಿಲ್ಲ ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇರುವುದಿಲ್ಲ. ರಕ್ತನಾಳದ ಮೂಲಕ ಪೋಷಣೆ ಕೊಡುವ ವಿದ್ಯೆಯ ಬಗೆಗಿನ ಚರ್ಚೆ ಶುರುವಾಗಬೇಕಾದದ್ದು ಈ ಇಲ್ಲದ ಸಾಲಿನಿಂದಲೇ. ಪೋಷಣೆ ಕೂಡ ಔಷಧದ ಹಾಗೆ ಲೆಕ್ಕ ಹಾಕಿ ಬರೆದುಕೊಡಬೇಕಾದ ಚಿಕಿತ್ಸೆ. ಆ ಲೆಕ್ಕವಿಲ್ಲದ ಕಡೆ ಬಾಟಲಿ ಬೇಡದವರಿಗೆ ಸಿಗುತ್ತದೆ, ನಿಜವಾದ ಪೋಷಣೆ ಬೇಕಾದವರಿಗೆ ತಪ್ಪುತ್ತದೆ.

ಲೆಕ್ಕವೇನೂ ಕಷ್ಟದ್ದಲ್ಲ. ಶೇ. 5ರ ಡೆಕ್ಸ್ಟ್ರೋಸ್ ಇರುವ 500 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ ಸಕ್ಕರೆ ಇರುತ್ತದೆ. ಅದರಿಂದ ಮೈಗೆ ದಕ್ಕುವುದು ಸುಮಾರು 85 ಕ್ಯಾಲೊರಿ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಅದರ ಎರಡರಷ್ಟು ಕೊಡುತ್ತದೆ. ಅಂದರೆ ಒಂದು ಬಾಟಲಿ ಅರ್ಧ ರೊಟ್ಟಿಗೆ ಸಮ. ಅದರ ಜೊತೆಗೆ ಪಲ್ಯವೂ ಇಲ್ಲ, ಬೇಳೆಯೂ ಇಲ್ಲ. ನಾರ್ಮಲ್ ಸಲಾಯಿನ್ ಆದರೆ ಅದರಲ್ಲಿರುವುದು 4.5 ಗ್ರಾಂ ಉಪ್ಪು ಮಾತ್ರ, ಕ್ಯಾಲೊರಿ ಸೊನ್ನೆ. 50 ಕಿಲೋ ತೂಕದ ರೋಗಿಗೆ ದಿನಕ್ಕೆ ಹತ್ತಿರಹತ್ತಿರ 1,250 ಕ್ಯಾಲೊರಿ, 60 ಗ್ರಾಂ ಪ್ರೋಟೀನ್ ಬೇಕು. ಆ ಕ್ಯಾಲೊರಿಯನ್ನು ಇದೇ ಬಾಟಲಿಗಳಿಂದ ತುಂಬಿಸಹೊರಟರೆ ಹದಿನೈದು ಬಾಟಲಿ, ಏಳೂವರೆ ಲೀಟರ್ ನೀರು ಹರಿಸಬೇಕಾಗುತ್ತದೆ. ಹಸಿವು ತಣಿಯುವ ಮೊದಲು ಶ್ವಾಸಕೋಶದಲ್ಲಿ ನೀರು ನಿಂತಿರುತ್ತದೆ. ಅಷ್ಟಾದರೂ ಪ್ರೋಟೀನ್ ಸೊನ್ನೆಯೇ. ಬಾಟಲಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ವಾಂತಿಭೇದಿಯಲ್ಲಿ ನೀರು, ಉಪ್ಪು ಕಳೆದುಕೊಂಡವರ ಜೀವವನ್ನು ಅದು ಉಳಿಸುತ್ತದೆ. ಆದರೆ ಅದನ್ನು ಊಟವೆಂದು ಎಣಿಸಿ ಕಳೆದ ದಿನಗಳಲ್ಲಿ ಮೈ ತನ್ನ ಮಾಂಸಖಂಡವನ್ನೇ ಕರಗಿಸಿಕೊಂಡು ತಿನ್ನುತ್ತಿರುತ್ತದೆ. ಗಾಯ ಮಾಯಲು, ಕೆಮ್ಮಿ ಕಫ ಹೊರಹಾಕಲು, ಸೋಂಕಿಗೆ ಎದುರು ನಿಲ್ಲಲು ಬೇಕಾದ ಬಂಡವಾಳವೇ ಅದು.

ನಿಜವಾದ ರಕ್ತನಾಳದ ಪೋಷಣೆ ಈ ಬಾಟಲಿಯ ದೊಡ್ಡಣ್ಣನಲ್ಲ, ಬೇರೆಯೇ ಕುಲದ್ದು. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಅರ್ವಿಡ್ ವ್ರೆಟ್ಲಿಂಡ್ ಸೋಯಾ ಎಣ್ಣೆಯನ್ನು ರಕ್ತಕ್ಕೆ ಸಹನೀಯವಾಗುವ ಬಿಳಿ ದ್ರವವಾಗಿಸಿದರು. 1968ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸ್ಟ್ಯಾನ್ಲಿ ಡ್ಯುಡ್ರಿಕ್ ಮತ್ತು ಸಂಗಡಿಗರು, ಬಾಯಿಗೆ ಏನೂ ಕೊಡದೆ ರಕ್ತನಾಳದಿಂದಷ್ಟೇ ಉಣಿಸಿದರೂ ನಾಯಿಮರಿಗಳು ಬೆಳೆಯುತ್ತವೆಂದು ತೋರಿಸಿದರು. ಕರುಳು ಕೆಲಸ ಮಾಡದ ಶಿಶುವೂ ಹಾಗೆಯೇ ಬೆಳೆಯಿತು. ಗ್ಲುಕೋಸ್, ಅಮೈನೋ ಆಮ್ಲ, ಕೊಬ್ಬು, ಪೊಟ್ಯಾಸಿಯಂ, ರಂಜಕ, ಸತು, ಜೀವಸತ್ವಗಳೆಲ್ಲ ಒಂದೇ ಚೀಲದಲ್ಲಿರುವ ಈ ದ್ರವ ಎಷ್ಟು ಸಾಂದ್ರವೆಂದರೆ ಮುಂಗೈಯ ನಾಳ ಅದನ್ನು ತಾಳದೆ ಉರಿಗೊಳ್ಳುತ್ತದೆ. ಅದಕ್ಕೇ ಹೃದಯದ ಬಳಿಯ ದೊಡ್ಡ ನಾಳದವರೆಗೆ ಕೊಳವೆ ಇಳಿಸಬೇಕು. ಇದು ಬೇಕಾಗುವವರು ಕೆಲವರೇ: ಕರುಳು ಕೊಳೆತು ಬಹುಪಾಲು ಕತ್ತರಿಸಿ ತೆಗೆಸಿಕೊಂಡವರು, ಕರುಳಿನ ಹೊಲಿಗೆ ಬಿಟ್ಟು ರಸ ಹೊರಗೆ ಸೋರುವವರು, ದಿನ ತುಂಬುವ ಬಹಳ ಮೊದಲೇ ಹುಟ್ಟಿದ ಕೂಸುಗಳು. ಒಂದು ಕಿಲೋ ತೂಕದ ಕೂಸಿನ ಮೈಯಲ್ಲಿರುವ ದಾಸ್ತಾನು ನಾಲ್ಕೈದು ದಿನಕ್ಕಷ್ಟೇ ಸಾಲುತ್ತದೆ. ಇಂಥವರಿಗೆ ಬರೀ ಗ್ಲುಕೋಸ್ ಹಚ್ಚಿ ಕಾಯುವುದೆಂದರೆ ಉಪವಾಸಕ್ಕೆ ಚಿಕಿತ್ಸೆಯ ಹೆಸರಿಟ್ಟಂತೆ.

ಹಾಗಾದರೆ ಉಣ್ಣದ ರೋಗಿಗಳಿಗೆಲ್ಲ ಆ ಚೀಲವನ್ನೇ ತೂಗಹಾಕಬಾರದೇಕೆ? ಹಾಗೆ ಮಾಡಿ ನೋಡಿದ್ದೂ ಆಗಿದೆ. 1991ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಹೀಗೆ ಪೋಷಣೆ ಪಡೆದವರಲ್ಲಿ ಸೋಂಕು ಹೆಚ್ಚಿತು. ಲಾಭ ಕಂಡದ್ದು ತೀರಾ ಬಡಕಲಾಗಿದ್ದವರಲ್ಲಿ ಮಾತ್ರ. 2011ರಲ್ಲಿ ಬೆಲ್ಜಿಯಂನ 4,640 ತೀವ್ರ ನಿಗಾ ಘಟಕದ ರೋಗಿಗಳ ಅಧ್ಯಯನ ಬಂತು. ಮೊದಲೆರಡು ದಿನದಲ್ಲೇ ರಕ್ತನಾಳದಿಂದ ಹೆಚ್ಚುವರಿ ಪೋಷಣೆ ಪಡೆದವರಿಗಿಂತ ಎಂಟನೆಯ ದಿನದವರೆಗೆ ಕಾದವರಿಗೆ ಸೋಂಕು ಕಡಿಮೆಯಾಗಿತ್ತು, ಅವರು ಬೇಗ ಗುಣವೂ ಆಗಿದ್ದರು. ಇದಕ್ಕೆ ಇನ್ನೊಂದು ಮಗ್ಗುಲಿದೆ. 2014ರಲ್ಲಿ ಇಂಗ್ಲೆಂಡಿನ ಸುಮಾರು 2,400 ರೋಗಿಗಳನ್ನು ಹೋಲಿಸಿದಾಗ ಮೂಗಿನ ನಳಿಕೆಯಿಂದ ಉಣಿಸಿದವರಿಗೂ ರಕ್ತನಾಳದಿಂದ ಉಣಿಸಿದವರಿಗೂ ಸಾವಿನಲ್ಲಾಗಲಿ ಸೋಂಕಿನಲ್ಲಾಗಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಇವುಗಳನ್ನು ಒಟ್ಟಿಗೆ ಓದಿದರೆ ತಿಳಿಯುವುದು ಇಷ್ಟು: ಒಳ್ಳೆಯ ಕೈಗಳಲ್ಲಿ ರಕ್ತನಾಳದ ದಾರಿ ವಿಷವಲ್ಲ, ಆದರೆ ಕರುಳು ಕೆಲಸ ಮಾಡುತ್ತಿರುವಾಗ ಅದರಿಂದ ಸಿಗುವ ಹೆಚ್ಚಿನ ಲಾಭವೇನೂ ಇಲ್ಲ. ತೀವ್ರ ಅಪೌಷ್ಟಿಕತೆಯ ಮಕ್ಕಳ ಚಿಕಿತ್ಸೆಯೂ ಇದನ್ನೇ ಹೇಳುತ್ತದೆ. ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಎಲುಬು ಕಾಣುವ ಮಗುವಿಗೂ ಹಾಲು, ಸಕ್ಕರೆ, ಎಣ್ಣೆಯ ಮಿಶ್ರಣವನ್ನು ಬಾಯಿಂದಲೋ ಮೂಗಿನ ನಳಿಕೆಯಿಂದಲೋ ಕೊಡುತ್ತಾರೆ. ಆಘಾತಕ್ಕೆ ಒಳಗಾಗದ ಮಗುವಿಗೆ ಡ್ರಿಪ್ ಹಚ್ಚುವುದೇ ಅಪಾಯವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಎಚ್ಚರಿಸುತ್ತದೆ.

ಇಲ್ಲೊಂದು ಆಕ್ಷೇಪ ಬರಬಹುದು. 'ಲಂಘನಂ ಪರಮೌಷಧಂ' ಎಂದು ಹಿರಿಯರು ಹೇಳಿದ್ದಾರೆ. ಕಾಯಿಲೆಯಲ್ಲಿ ಬಾಯಿರುಚಿ ಕೆಡುವುದು ಮೈಯ ಜಾಣತನವೇ ಇರಬೇಕು. ಬೆಲ್ಜಿಯಂನ ಅಧ್ಯಯನ ಹೇಳುವುದೂ ಅದನ್ನೇ ಅಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಮೈತುಂಬಿ ಇದ್ದವನು ನಾಲ್ಕು ದಿನ ಗಂಜಿಯಲ್ಲಿ ಕಳೆದರೆ ಕೆಡುವುದೇನೂ ಇಲ್ಲ. ಆದರೆ ಲಂಘನ ಔಷಧವಾದರೆ ಅದಕ್ಕೂ ಡೋಸ್ ಇರಬೇಕು, ಅವಧಿ ಇರಬೇಕು. ಕ್ಷಯದಿಂದ ಮೊದಲೇ ಹತ್ತು ಕಿಲೋ ಇಳಿದಿರುವ ಕೂಲಿಕಾರನ ನಾಲ್ಕು ದಿನವೂ ಉಂಡುಟ್ಟು ಗಟ್ಟಿಯಾಗಿದ್ದವನ ನಾಲ್ಕು ದಿನವೂ ಒಂದೇ ಅಲ್ಲ. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಉಣಿಸುವುದೂ ಅಪಾಯ. ಎರಡನೆಯ ಮಹಾಯುದ್ಧದ ಕೊನೆಗೆ ಸೆರೆಶಿಬಿರಗಳಿಂದ ಹೊರಬಂದ ಎಷ್ಟೋ ಜನ ಹೊಟ್ಟೆತುಂಬ ಊಟ ಸಿಕ್ಕ ಮೇಲೆಯೇ ಸತ್ತರು. ಹಸಿದ ಮೈಗೆ ಗ್ಲುಕೋಸ್ ನುಗ್ಗಿದಾಗ ರಕ್ತದ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯ ತಾಳ ತಪ್ಪುತ್ತದೆ. ಬಿ1 ಜೀವಸತ್ವ ಮೊದಲೇ ಬತ್ತಿದ್ದರೆ ಮಿದುಳಿಗೂ ಪೆಟ್ಟು. ಹೀಗೆ ಕಾಯುವುದಕ್ಕೂ ಲೆಕ್ಕ ಬೇಕು, ಉಣಿಸುವುದಕ್ಕೂ ಲೆಕ್ಕ ಬೇಕು.

ಎರಡನೆಯ ಆಕ್ಷೇಪ ಹಣದ್ದು ಮತ್ತು ನೈರ್ಮಲ್ಯದ್ದು. ಪೂರ್ಣ ಪೋಷಣೆಯ ಚೀಲವೊಂದಕ್ಕೆ ಸಾವಿರಾರು ರೂಪಾಯಿ. ದಿನವೂ ರಕ್ತಪರೀಕ್ಷೆ, ಪಳಗಿದ ದಾದಿಯರು, ಧೂಳು ಸುಳಿಯದ ಜಾಗ ಬೇಕು. ತಾಲೂಕು ಆಸ್ಪತ್ರೆಗೆ ಇದು ಆಗದ ಮಾತು, ಹಾಗಾಗಿ ಚರ್ಚೆಯೇ ವ್ಯರ್ಥ ಎನ್ನುವವರಿದ್ದಾರೆ. ಮೊದಲ ಅರ್ಧ ನಿಜ. ರಕ್ತನಾಳ ಸೇರುವ ವಸ್ತುವಿಗೆ ಜಠರದ ಆಮ್ಲದಂಥ ಯಾವ ಕಾವಲುಗಾರನೂ ಇಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಸಾದಾ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆಯನ್ನು ತಡೆಹಿಡಿಯಿತು. ಸಾದಾ ಉಪ್ಪುನೀರಿಗೇ ಇಷ್ಟು ಕಾವಲು ಬೇಕಾದರೆ ಸಕ್ಕರೆ, ಎಣ್ಣೆ ತುಂಬಿದ ಚೀಲ ರೋಗಾಣುಗಳಿಗೆ ಹಬ್ಬದೂಟವೇ ಸರಿ. ಆದರೆ ಇದರಿಂದ ಹೊರಡುವ ತೀರ್ಮಾನ 'ಚೀಲ ಬೇಡ' ಎಂಬುದಲ್ಲ, 'ಎಲ್ಲೆಂದರಲ್ಲಿ ಬೇಡ' ಎಂಬುದು. ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿ.ಮೀ.; ಅಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆ, ಮುಂದೆ ಹುಬ್ಬಳ್ಳಿ ಇದೆ. ಚೀಲ, ತಂಡ, ಪ್ರಯೋಗಾಲಯ ಅಂಥ ಕಡೆ ಇರಲಿ; ಅದರ ಖರ್ಚು ಶಸ್ತ್ರಚಿಕಿತ್ಸೆಯ ಪ್ಯಾಕೇಜಿನೊಳಗೆ ಕಳೆದುಹೋಗದೆ ಆರೋಗ್ಯ ಯೋಜನೆಯಲ್ಲಿ ಪ್ರತ್ಯೇಕವಾಗಿ ಸಲ್ಲಲಿ. ತಾಲೂಕಿನ ಪಾಲಿಗೆ ಬರುವುದು ಅಗ್ಗದ ಕೆಲಸ: ದಾಖಲಾದ ದಿನವೇ ತೂಕ ನೋಡುವುದು, ಉಪವಾಸದ ದಿನ ಎಣಿಸುವುದು, ಬಾಯಿಂದ ಆಗದಿದ್ದರೆ ಮೂಗಿನ ನಳಿಕೆಯಿಂದ ತೆಳ್ಳಗಿನ ಗಂಜಿ, ಹಾಲು ಕೊಡುವುದು, ಕರುಳೇ ಕೈಕೊಟ್ಟವರನ್ನು ತಡಮಾಡದೆ ಗದಗಿಗೆ ಕಳಿಸುವುದು.

ಕೊನೆಯ ಆಕ್ಷೇಪ ವೈದ್ಯರದ್ದು: ಬಾಟಲಿ ಹಚ್ಚದಿದ್ದರೆ ರೋಗಿ ಒಪ್ಪುವುದಿಲ್ಲ, ಎದುರಿನ ದವಾಖಾನೆಗೆ ಹೋಗುತ್ತಾನೆ. ಜನರ ಈ ನಂಬಿಕೆಯನ್ನು ಹಳಿಯುವುದು ಸುಲಭ. ಆದರೆ ರೋಗಿಗೆ ಉಣಿಸಬೇಕೆಂಬ ಅವರ ತುಡಿತ ತಪ್ಪಲ್ಲ, ತಪ್ಪಿರುವುದು ಪಾತ್ರೆ ಮಾತ್ರ. ಬಾಟಲಿ ಅರ್ಧ ರೊಟ್ಟಿಗೆ ಸಮ ಎಂದು ಹೇಳಿದರೆ ತಿಳಿಯದ ಮನೆ ಈ ಸೀಮೆಯಲ್ಲಿಲ್ಲ. ಊರೂರಿನ ಅಂಗನವಾಡಿಯಲ್ಲಿ ಮಗುವಿನ ರಟ್ಟೆಗೆ ಪಟ್ಟಿ ಸುತ್ತಿ 11.5 ಸೆಂ.ಮೀ.ಗಿಂತ ಕಡಿಮೆ ಇದೆಯೇ ಎಂದು ನೋಡುವ ಪದ್ಧತಿ ಬೇರೂರಿದೆ. ಅದೇ ಮಗುವಿನ ಅಜ್ಜ ದವಾಖಾನೆಯ ಮಂಚದ ಮೇಲೆ ಮಲಗಿದಾಗ ಅವನ ರಟ್ಟೆಯನ್ನು ಯಾರೂ ಅಳೆಯುವುದಿಲ್ಲ. ಹೊಸ ಯಂತ್ರ ಬರುವ ಮೊದಲು ಆ ಪಟ್ಟಿ ವಾರ್ಡಿಗೆ ಬರಲಿ, ಕೇಸ್ ಶೀಟಿನಲ್ಲಿ 'ಉಂಡು ಎಷ್ಟು ದಿನವಾಯಿತು' ಎಂಬ ಸಾಲು ಸೇರಲಿ. ಆ ಸಾಲಿನಲ್ಲಿ ಐದು ಎಂಬ ಅಂಕಿ ಬಿದ್ದ ದಿನ, ಬಾಟಲಿ ತೂಗುತ್ತಿದ್ದರೂ ರೋಗಿ ಉಪವಾಸವಿದ್ದಾನೆಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ.