ಪುಸ್ತಕವಾಗುವ ಮೊದಲೇ ಬರಬೇಕಾದ ಬಹುಮಾನ

ಐರ್ಲೆಂಡಿನಲ್ಲಿ ರೂನಿ ಪ್ರಶಸ್ತಿ ಎಂದೊಂದಿದೆ. 1976ರಿಂದ ನಡೆದುಬಂದಿರುವ ಇದು ನಲವತ್ತು ದಾಟದ ಐರಿಷ್ ಲೇಖಕರಿಗೆ ಮೀಸಲು. ಇದಕ್ಕೆ ಯಾರೂ ಅರ್ಜಿ ಹಾಕುವಂತಿಲ್ಲ; ಓದಿ, ಹುಡುಕಿ ಆರಿಸುವ ಹೊಣೆ ತೀರ್ಪುಗಾರರದೇ. ಆನ್ ಎನ್‌ರೈಟ್ ಅವರಿಗೆ ಇದು ಸಿಕ್ಕಿದ್ದು 1991ರಲ್ಲಿ, ಬುಕರ್ ಬಂದದ್ದು 2007ರಲ್ಲಿ. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕೇಂದ್ರ ಸಾಹಿತ್ಯ ಅಕಾಡೆಮಿ 2011ರಲ್ಲಿ ಶುರು ಮಾಡಿದ ಯುವ ಪುರಸ್ಕಾರ: ವಯಸ್ಸು ಮೂವತ್ತೈದರೊಳಗೆ, ಮೊತ್ತ 50,000 ರೂಪಾಯಿ. 2012ರಲ್ಲಿ ಅದು ರಾಯಚೂರು ಸೀಮೆಯ ಕವಿ ಆರಿಫ್ ರಾಜಾ ಅವರಿಗೆ ಬಂದಿದೆ. ಹಾಗಾಗಿ ಕಲ್ಯಾಣ ಕರ್ನಾಟಕವನ್ನು ಬೇಕೆಂದೇ ಕಡೆಗಣಿಸಿದ್ದಾರೆ ಎಂಬ ದೂರಿಗೆ ನನ್ನ ಸಹಿ ಇಲ್ಲ. ನನ್ನ ತಕರಾರು ಬೇರೆ: ಈ ಪುರಸ್ಕಾರ ಅಚ್ಚಾದ ಪುಸ್ತಕವನ್ನಷ್ಟೇ ನೋಡುತ್ತದೆ. ಭಾಲ್ಕಿ ತಾಲ್ಲೂಕಿನ ಹಲಬರ್ಗಾದಲ್ಲಿ ನೋಟ್‌ಬುಕ್ಕಿನಲ್ಲಿ ಕತೆ ಬರೆಯುವವರಿಗೆ ದಾರಿ ಕಟ್ಟಾಗುವುದು ಅದಕ್ಕೂ ಮುಂಚೆಯೇ.

ಭಾಲ್ಕಿ ಇರುವ ಬೀದರ್ ಜಿಲ್ಲೆಯಲ್ಲಿ ಕನ್ನಡ ಸುಮ್ಮನೆ ಉಳಿದದ್ದಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. 2006ರಲ್ಲಿ ಇಲ್ಲೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಆಯಿತು. ಆದರೆ ಹೆಸರಾಂತ ಪ್ರಕಾಶನಗಳು ಬಹುಪಾಲು ಬೆಂಗಳೂರು, ಮೈಸೂರು, ಧಾರವಾಡಗಳಲ್ಲೇ ಇವೆ. ಅಲ್ಲಿ ಪರಿಚಯವಿಲ್ಲದವರು ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿ, ಬಿಡುಗಡೆಯ ದಿನ ಒಂದಷ್ಟು ಹಂಚಿ, ಮಿಕ್ಕ ಪ್ರತಿಗಳನ್ನು ಅಟ್ಟಕ್ಕೇರಿಸುತ್ತಾರೆ. ದುಡ್ಡಿಲ್ಲದವರ ಕತೆ ನೋಟ್‌ಬುಕ್ಕಿನಲ್ಲೇ ಮುಗಿಯುತ್ತದೆ. ಇದಕ್ಕೆ ಮದ್ದು ಕನ್ನಡದಲ್ಲೇ ಇದೆ. ಛಂದ ಪುಸ್ತಕ ಪ್ರಕಾಶನ ಹೊಸ ಕತೆಗಾರರ ಹಸ್ತಪ್ರತಿಗೇ ಬಹುಮಾನ ಕೊಟ್ಟು, ಅದನ್ನು ತಾನೇ ಪ್ರಕಟಿಸಿತು. ಹಾಗೆ ಬಂದ ಶಾಂತಿ ಕೆ. ಅಪ್ಪಣ್ಣ ಅವರ ‘ಮನಸು ಅಭಿಸಾರಿಕೆ’ಗೆ 2017ರಲ್ಲಿ ಯುವ ಪುರಸ್ಕಾರವೂ ಸಂದಿತು. ಒಂದು ಖಾಸಗಿ ಪ್ರಕಾಶನಕ್ಕೆ ಆದದ್ದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಆಗದೆ? ರಸ್ತೆ, ಕಟ್ಟಡಗಳಿಗೆ ಕೊಡುವ ಹಣದ ಮುಂದೆ ವರ್ಷಕ್ಕೆ ಐದು ಹಸ್ತಪ್ರತಿಗಳ ಅಚ್ಚಿನ ಖರ್ಚು ಲೆಕ್ಕಕ್ಕೂ ಬರುವುದಿಲ್ಲ.

ಕನ್ನಡ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದಲ್ಲ, ಇನ್ನೇನು ಬೇಕು ಎನ್ನಬಹುದು. ಕೊಡುತ್ತದೆ, ಒಳ್ಳೆಯದೇ, ಆದರೆ ಪ್ರಕಟಣೆ ಕಂಡು, ಅರ್ಜಿ ತುಂಬಿ, ಬೆಂಗಳೂರಿಗೆ ಮುಟ್ಟಿಸಬಲ್ಲವರಿಗೆ ಅದು. ರೂನಿಯಿಂದ ಕಲಿಯಬೇಕಾದದ್ದು ಇಲ್ಲೇ: ಹುಡುಕುವ ಕೆಲಸ ಬಹುಮಾನ ಕೊಡುವವರದು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ನೋಟ್‌ಬುಕ್ ಕೊಟ್ಟರೆ ಸಾಕು ಎಂದಾಗಲಿ. ಡಿಟಿಪಿ ಮಾಡಿಸುವುದು ಮಂಡಳಿಯ ಪಾಡು. ಪ್ರದೇಶದ ಹೆಸರಿನಲ್ಲಿ ಕೊಟ್ಟರೆ ಗುಣಮಟ್ಟ ಇಳಿಯುತ್ತದೆ, ವಶೀಲಿಬಾಜಿ ನುಗ್ಗುತ್ತದೆ ಎಂಬ ಆಕ್ಷೇಪ ಆ ಮೊದಲಿನದಕ್ಕಿಂತ ಗಟ್ಟಿಯಾದದ್ದು. ವಶೀಲಿ ನಮ್ಮಲ್ಲಿ ಹೊಸದೇನಲ್ಲ. ಅದಕ್ಕೇ ಬರೆದವರ ಹೆಸರು, ಊರು ಮುಚ್ಚಿಟ್ಟು, ಹೊರಜಿಲ್ಲೆಯವರಿಂದ ಓದಿಸಬೇಕು. ತಕ್ಕ ಕೃತಿ ಸಿಗದ ವರ್ಷ ಬಹುಮಾನ ಕೊಡಲೇಬಾರದು. ಹಸ್ತಪ್ರತಿ ಕೂಡಿಸುವುದರಲ್ಲಷ್ಟೇ ಪ್ರದೇಶ, ಅಳೆಯುವುದರಲ್ಲಿ ಅಲ್ಲ.

ವಯಸ್ಸಿನ ಗೆರೆಯನ್ನಂತೂ ಅಳಿಸಬೇಕು. ಓದು ಅರ್ಧಕ್ಕೆ ಬಿಟ್ಟು ಮದುವೆಯಾಗಿ, ಮಕ್ಕಳು ದೊಡ್ಡವರಾದ ಮೇಲೆ ನಲವತ್ತೆರಡಕ್ಕೆ ಬರೆಯಲು ಕೂತ ಹೆಣ್ಣುಮಗಳೂ ಉದಯೋನ್ಮುಖ ಲೇಖಕಿಯೇ. ನಿಯಮದಲ್ಲಿ ‘ಮೊದಲ ಕೃತಿ’ ಎಂದಿದ್ದರೆ ಸಾಕು.