ಒಂದುಗಳ ಮಾಲೆ

ಅತ್ತಿಬೆಲೆಯಿಂದ ಹೊಸೂರಿನ ಕಡೆಗೆ ಸಾಗುವ ಲಾರಿಗಳಿಗೆ ಕೊನೆಯೆಂಬುದಿಲ್ಲ. ಸಂಜೆ ಹೆದ್ದಾರಿಯ ಬದಿಯಲ್ಲಿ ನಿಂತು ಅವುಗಳ ಅಂಕಿಗಳನ್ನು ಮನಸ್ಸಿನಲ್ಲೇ ಒಡೆದು ನೋಡುವುದು ನನ್ನ ಹಳೆಯ ಚಟ. ಮೊನ್ನೆ 1111 ಎಂಬ ಅಂಕಿಯ ಕಾರೊಂದು ಹಾದುಹೋಯಿತು. ಇಂಥ ಅಂಕಿಗೆ ಜನ ಹೆಚ್ಚಿನ ಹಣ ತೆರುತ್ತಾರೆ. ಅದು 11 ಮತ್ತು 101ರ ಗುಣಲಬ್ಧವೆಂದು ಬಲ್ಲವರು ವಿರಳ. ಅದನ್ನು ಕಂಡಾಗ ನನ್ನದೇ ಒಂದು ತಪ್ಪು ನೆನಪಾಯಿತು.

ಗಣಿತದ ಮೇಷ್ಟರು ರಜೆಯಲ್ಲಿದ್ದ ದಿನ, ಕನ್ನಡ ಪಂಡಿತನಾದ ನಾನು ಅವರ ತರಗತಿಗೆ ಹೋಗಿದ್ದೆ. ಕರಿಹಲಗೆಯ ಮೇಲೆ ಏಳು ಒಂದುಗಳನ್ನು ಬರೆದೆ. 2, 3, 5, 7, 11, 13, ಯಾವುದರಿಂದಲೂ ಅದು ನಿಶ್ಶೇಷವಾಗಿ ಭಾಗವಾಗಲಿಲ್ಲ. "ಇದು ಅವಿಭಾಜ್ಯ" ಎಂದು ಸಾರಿಬಿಟ್ಟೆ. 1054ರವರೆಗಿನ ಅವಿಭಾಜ್ಯಗಳನ್ನೆಲ್ಲ ಪರೀಕ್ಷಿಸದೆ ಹಾಗೆನ್ನುವ ಅಧಿಕಾರ ನನಗಿರಲಿಲ್ಲ. ಮರುದಿನ ಹುಡುಗನೊಬ್ಬ ಮೇಜಿನ ಮೇಲೆ ಚೀಟಿಯಿಟ್ಟ: 239 × 4649. "ತಪ್ಪಿದ್ದರೆ ಹೇಳಿ ಸಾರ್" ಎಂದ. ಗುಣಿಸಿ ನೋಡಿದೆ. ತಪ್ಪು ನನ್ನದಾಗಿತ್ತು.

ಒಂದುಗಳ ಮಾಲೆ ಕನ್ನಡ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರ ಸಂಗ್ರಹ'ವೆಂಬ ಸಂಸ್ಕೃತ ಗ್ರಂಥದಲ್ಲಿ, 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುವುದನ್ನು ತೋರಿಸಿದ್ದಾರೆ. ಇಂಥ ಲಬ್ಧಗಳನ್ನು ಅವರು ಕೊರಳಹಾರಕ್ಕೆ ಹೋಲಿಸಿದರು. ಎಂಟು ಮಣಿಗಳ ಹಾರ ಒಡೆಯಲೇಬೇಕು; ಎರಡೆರಡಾಗಿ ಕಟ್ಟಿದರೆ ನಾಲ್ಕು ಹನ್ನೊಂದುಗಳಾಗುವುದರಿಂದ 11 ಅದನ್ನು ಭಾಗಿಸುತ್ತದೆ. ಆದುದರಿಂದ ಮಾಲೆ ಒಡೆಯದಿರಬೇಕಾದರೆ ಮಣಿಗಳ ಎಣಿಕೆಯೂ ಅವಿಭಾಜ್ಯವಾಗಿರಬೇಕು. ಅಷ್ಟಿದ್ದರೂ ಸಾಲದು: ಮೂರು ಒಂದುಗಳು 3 × 37 ಆಗಿ ಒಡೆಯುತ್ತವೆ, ಏಳರ ಗತಿಯನ್ನು ಆಗಲೇ ಕಂಡಿರಿ. 11ರ ಬಳಿಕ ಒಡೆಯದ ಮಾಲೆ ದೊರೆಯುವುದು ಹತ್ತೊಂಬತ್ತು ಒಂದುಗಳಿಗೆ. ಆಮೇಲೆ 23, ಅನಂತರ ಒಮ್ಮೆಲೇ 317, 1031.

ಇದರಿಂದೇನು ಪ್ರಯೋಜನವೆಂದು ನೀವು ಕೇಳಬಹುದು. ಬ್ಯಾಂಕಿನ ಗುಟ್ಟು ಕಾಯಲು ದೊಡ್ಡ ಅವಿಭಾಜ್ಯಗಳು ಬೇಕೆಂಬ ಉತ್ತರ ಸಿದ್ಧವಾಗಿದೆ. ಅದು ನಿಜವೂ ಹೌದು. ಆದರೆ ಲೋಕಕ್ಕೆಲ್ಲ ತಿಳಿದ ಈ ಮಾಲೆಗಳು ಗುಟ್ಟಿನ ಬೀಗಕ್ಕೆ ಒದಗಲಾರವು. ಆ ಉತ್ತರದ ಮರೆಯಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ. ನನ್ನನ್ನು ಸೆಳೆದುದು ಬೇರೊಂದು ಸಂಗತಿ.

49081 ಒಂದುಗಳ ಸಂಖ್ಯೆಯೊಂದು 1999ರಲ್ಲಿ ಹಲವು ಪರೀಕ್ಷೆಗಳಲ್ಲಿ ತೇರ್ಗಡೆಯಾಯಿತು. ಅದು ಅವಿಭಾಜ್ಯವೆಂಬುದರಲ್ಲಿ ಬಲ್ಲವರಿಗೆ ಸಂಶಯವಿರಲಿಲ್ಲವೆಂದೇ ಹೇಳಬೇಕು. ಆದರೂ ಅವರು ಅದನ್ನು 'ಸಂಭಾವ್ಯ ಅವಿಭಾಜ್ಯ'ವೆಂದೇ ಕರೆದರು. ಪೂರ್ಣ ಸಾಧನೆ ದೊರೆತದ್ದು 2022ರಲ್ಲಿ. ಇಪ್ಪತ್ಮೂರು ವರ್ಷ ಒಂದು ವಿಶೇಷಣವನ್ನು ಬಿಡದೆ ಕಾದರಲ್ಲ! ಅರ್ಧ ತಾಸು ಭಾಗಾಕಾರ ಮಾಡಿ ತೀರ್ಪು ಕೊಟ್ಟವನಿಗೆ ಇದು ನಾಚಿಕೆಯನ್ನೂ ಗೌರವವನ್ನೂ ಒಟ್ಟಿಗೆ ಹುಟ್ಟಿಸುತ್ತದೆ. 'ಕಾಣಲಿಲ್ಲ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ಇರುವ ಅಂತರವನ್ನು ವ್ಯಾಕರಣ ಕಲಿಸಬೇಕಾದ ನನಗೆ ಕಲಿಸಿದ್ದು ಗಣಿತ.

81,77,207 ಒಂದುಗಳ ಮಾಲೆಯೊಂದು 2021ರಲ್ಲಿ ದೊರೆತಿದೆ. ಅದರ ಹೆಸರಿನ ಮುಂದೆ 'ಸಂಭಾವ್ಯ' ಎಂಬ ಪದ ಇನ್ನೂ ಇದೆ.